ನಟ್ಟಿಲ್ಲದ ಪುಲ್ಲಿ

ಯಲ್ಲಾಪುರ
೫ ನವೆಂಬರ್ ೨೦೦೧

ಮುದ್ದಿನ ಅಳಿಯ ನಿಹಾಲ್‌ಗೆ,

ನಿನ್ನ ರಸೂಲ್ ಮಾಮುವಿನ ಸಲಾಂ. ಹೇಗಿದ್ದೀಯ ಮಗಾ? ಮಡಗಾಂವ್‌ನ ನೀರು ಒಗ್ಗಿತೇ? ಬೆರಳಿಗಾದ ಗಾಯ ಒಣಗಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಅಲ್ಲಿಯೂ ಕಾರಿನ ಕೆಳಗೇ ಮಲಗಿ ಮಧ್ಯಾಹ್ನ ಮರೆಯುತ್ತೀಯೋ? ನಿನ್ನ ಮಾಮಿ ರಹಿಮತ್ಬಿ ದಿನವೂ ಕೇಳುತ್ತಾಳೆ. ಅವಳ ಮಂಡಿನೋವು ಇದ್ದ ಹಾಗೇ ಇದೆ. ನಾನು ಗಟ್ಟಿಯಾಗಿದ್ದೇನೆ.

ಉಮ್ಮಚಗಿಯ ಅನಂತಮೂರ್ತಿ ಹೆಗಡೆಯವರ ಹಳೆಯ ಕಾರಿನ ವಿಷಯ ನಿನಗೆ ಹೇಳಿದ್ದೆನಲ್ಲ. ಸ್ಟೀರಿಂಗ್ ಕಲ್ಲಿನ ಹಾಗಾಗಿ, ಅರಬೈಲ್ ಘಟ್ಟ ಇಳಿಯುವಷ್ಟರಲ್ಲಿ ಅವರ ರಟ್ಟೆ ಬಿದ್ದು ಹೋಗುತ್ತಿತ್ತು. ನೋಡಿದರೆ ಪವರ್ ಸ್ಟೀರಿಂಗ್ ಪಂಪಿನ ಸೀಲು ಹೋಗಿ ಎಣ್ಣೆಯೆಲ್ಲ ಸೋರಿದೆ. ಸೀಲು ಬದಲಿಸಬೇಕೆಂದರೆ ಮುಂದೆ ಬೆಲ್ಟು ಓಡುವ ಪುಲ್ಲಿ ಬಿಚ್ಚಬೇಕು. ನಮ್ಮ ಶೆಡ್ಡಿಗೂ ಇಂಥ ಕಾರು ಬರುತ್ತದೆ ಎಂದು ನಿನಗೆ ತಿಳಿಯಲಿ ಅಂತಲೇ ಅವತ್ತು ಫೋನಿನಲ್ಲಿ ಆ ಮಾತು ಎತ್ತಿದೆ. ನೀನು ಖುಷಿಪಡುತ್ತೀಯ ಅಂದುಕೊಂಡರೆ, “ಮಾಮು, ಪುಲ್ಲಿಗೆ ಕೈ ಹಾಕೋ ಮೊದ್ಲು ಕೇಳಿ, ನಮ್ಮ ಉಸ್ತಾದ್ ಏನ್ ಹೇಳ್ತಾರೆ ಅಂದ್ರೆ” ಎಂದು ಶುರು ಮಾಡಿದೆ. ಗಿರಾಕಿ ಬಂದರು ಎಂದು ಹೇಳಿ ನಾನು ಫೋನಿಟ್ಟೆ. ಯಾವ ಗಿರಾಕಿಯೂ ಬಂದಿರಲಿಲ್ಲ.

ಉಸ್ತಾದ್! ಆ ಮಡಗಾಂವ್ ಶೆಡ್ಡಿನವರು ಈಗ ನಿನಗೆ ಗುರುಗಳು! ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಬೇರಿಂಗಿನ ನರಳಾಟ ಕೇಳುವುದನ್ನು ನಿನಗೆ ಕಲಿಸಿದ್ದು ಯಾರು? ನಟ್ಟನ್ನು ಮೊದಲು ಬರಿಗೈಯಲ್ಲೇ ತಿರುಗಿಸು, ಪಾನಾ ಆಮೇಲೆ ಎಂದವರು ಯಾರು? ಸೀಮೆಎಣ್ಣೆಯಲ್ಲಿ ಕೈ ತೊಳೆದು ನನ್ನ ತಟ್ಟೆಯಲ್ಲೇ ಉಂಡೆ, ನನ್ನನ್ನು ಮಾಮು ಎಂದೇ ಕರೆದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೊನ್ನೆ ಅಲ್ಲಿಗೆ ಹೋದ ನಿನ್ನ ಬಾಯಿಗೆ ಉಸ್ತಾದ್ ಎಂಬ ಆ ಇನ್ನೊಂದು ಮಾತು ಎಷ್ಟು ಸಲೀಸಾಗಿ ಬಂತು! ಅವರು ಬೈಯುವುದೇ ಇಲ್ಲ ಎಂದು ಬೇರೆ ಬರೆದಿದ್ದೀಯ. ಬೈಯದೆ ಕಲಿಸಿದ್ದು ಎಷ್ಟು ದಿನ ಕೈಯಲ್ಲಿ ಉಳಿಯುತ್ತದೋ ನೋಡೋಣ. ಅವರ ಶೆಡ್ಡಿಗೆ ಸಿಮೆಂಟಿನ ನೆಲವಂತೆ, ಕಾರು ಎತ್ತುವ ಯಂತ್ರವಂತೆ. ಇರಲಿ ಬಿಡು, ಹೊಟ್ಟೆ ಸುಟ್ಟುಕೊಂಡು ನನಗೇನು.

ಲಾರಿಗಳನ್ನೇ ಬಿಚ್ಚಿ ಬೆಳೆದ ಕೈ ನಮ್ಮದು. ಪುಲ್ಲಿ ಎಂದರೆ ನಡುವೆ ಒಂದು ನಟ್ಟು ಇರಲೇಬೇಕು. ಇದರಲ್ಲಿ ನಟ್ಟೇ ಇಲ್ಲ. ಶಾಫ್ಟಿನ ನಡುವೆ ಬೋಲ್ಟು ತಿರುಗಿಸಿ ಕೂರಿಸುವ ಹಾಗೆ ಮರೆ ಕೊರೆದ ಒಂದು ಖಾಲಿ ತೂತು. ಹಿಂದೆ ಬಿಚ್ಚಿದ ಯಾವನೋ ಬೋಲ್ಟು ಕಳೆದಿದ್ದಾನೆ ಎಂದು ಹೆಗಡೆಯವರ ಎದುರೇ ಅವನ ಜನ್ಮ ಜಾಲಾಡಿದೆ. ಯಲ್ಲಾಪುರದ ಅಂಗಡಿಗಳಲ್ಲಿ ಆ ಬೋಲ್ಟು ಸಿಗದೆ, ಶಿರಸಿ ಬಸ್ಸಿನ ಕಂಡಕ್ಟರನಿಗೂ ಹೇಳಿ ಕಳಿಸಿದೆ. ಅದು ಬರುವ ತನಕ ಸುಮ್ಮನಿರಲಾರದೆ, ಟಯರ್ ಬಿಚ್ಚುವ ಎರಡು ಲಿವರನ್ನು ಪುಲ್ಲಿಯ ಹಿಂದೆ ತೂರಿಸಿ ಮೀಟಿದೆ. ಪುಲ್ಲಿ ಕದಲಲಿಲ್ಲ, ಅಂಚು ಮಾತ್ರ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಯಿತು.

ಹೆಗಡೆಯವರು ಬಗ್ಗಿ ನೋಡಿ, “ಎಂತ ಮಾರಾಯಾ ರಸೂಲಣ್ಣ, ನಿಹಾಲ ಇದ್ದಿದ್ರೆ ಇಷ್ಟೊತ್ತಿಗೆ ಗಾಡಿ ಘಟ್ಟ ಇಳೀತಿತ್ತು” ಎಂದರು. ಮನೆಗೆ ಬಂದರೆ ನಿನ್ನ ಮಾಮಿ, “ಅವನು ಹೇಳಕ್ಕೆ ಹೊರಟಾಗ ಫೋನ್ ಕುಕ್ಕಿದ್ದು ಯಾರು? ನೀವೇ ಅಲ್ವಾ?” ಎಂದಳು. ಹಾಗಾಗಿ ಮರುದಿನ ಎಸ್‌ಟಿಡಿ ಬೂತಿಗೆ ಹೋಗಿ ನಾನೇ ಫೋನು ಹಚ್ಚಿದ್ದು. ಬೋಲ್ಟು ಹುಟ್ಟಿನಿಂದಲೇ ಇಲ್ಲ, ಪುಲ್ಲಿ ಬರೀ ಬಿಗಿತದ ಮೇಲೆ ಕೂತಿದೆ, ಆ ತೂತು ಹೊಸ ಪುಲ್ಲಿಯನ್ನು ಒತ್ತಿ ಕೂರಿಸುವಾಗ ಬೇಕಾಗುವುದು, ಬಿಚ್ಚುವಾಗ ಅಂಚು ಮುಟ್ಟದೆ ನಡುವಿನ ಕುತ್ತಿಗೆಯನ್ನೇ ಹಿಡಿದು ಎಳೆಯುವ ಪುಲ್ಲರ್ ಬೇರೆಯೇ ಇದೆ ಎಂದು ನೀನು ಎಲ್ಲ ಬಿಡಿಸಿ ಹೇಳಿದೆ. “ಲಿವರ್ ಗಿವರ್ ಹಾಕಿಲ್ಲ ಅಲ್ವಾ ಮಾಮು?” ಎಂದೂ ಕೇಳಿದೆ. ಛೇ, ಛೇ ಎಂದೆ. ಈಗ ಗೊತ್ತಾಯಿತಲ್ಲ. ಮಡಗಾಂವ್‌ನ ನಿನ್ನ ಆ ಮನುಷ್ಯನಿಗೆ ಮಾತ್ರ ಹೇಳಬೇಡ.

ಪುಲ್ಲರು, ಹೊಸ ಪುಲ್ಲಿ ಎರಡೂ ಹುಬ್ಬಳ್ಳಿಯಿಂದ ಬರಬೇಕು ಎಂದು ಹೆಗಡೆಯವರಿಗೆ ಹೇಳಿ ಕಾರು ನಿಲ್ಲಿಸಿಕೊಂಡಿದ್ದೇನೆ. ಅವರು ದಿನಾ ಬಂದು ಬಾನೆಟ್ಟು ಎತ್ತಿ ನೋಡಿ ಹೋಗುತ್ತಾರೆ. ಇನ್ನೆರಡು ದಿನ ನೋಡಿ ಹುಬ್ಬಳ್ಳಿಗೇ ಎಳೆಸಿಕೊಂಡು ಹೋಗುತ್ತೇನೆ ಎಂದೂ ಅಂದಿದ್ದಾರೆ.

ಮೈ ಕಡೆ ನಿಗಾ ಇರಲಿ. ಅಲ್ಲಾಹು ನಿನ್ನ ಕೈಗೆ ಬರಕತ್ ಕೊಡಲಿ. ಮಾಮಿಯ ದುವಾ ನನ್ನದಕ್ಕಿಂತ ಉದ್ದವಿದೆ, ಕಾಗದದಲ್ಲಿ ಹಿಡಿಸದು.

ನಿನ್ನ ಮಾಮು,
ರಸೂಲ್

ತಾ.ಕ.: ಟಪಾಲಿನವ ಬಾಗಿಲಲ್ಲೇ ನಿಂತಿದ್ದಾನೆ. ಹುಬ್ಬಳ್ಳಿಯ ಪೊಟ್ಟಣ ನಿನ್ನೆಯೇ ಬಂದಿದೆ, ಹೆಗಡೆಯವರಿಗೆ ಹೇಳಿಲ್ಲ. ದಾರ ಕೂಡ ಬಿಚ್ಚದೆ, ನೀನು ಶೆಡ್ಡಿನಲ್ಲಿ ಬಿಟ್ಟುಹೋದ ನಿನ್ನ ಪಾನಾ ಪೆಟ್ಟಿಗೆಯ ಮೇಲೆ ಇಟ್ಟಿದ್ದೇನೆ. ಕಾಗದ ಸೇರಿದ ಕೂಡಲೇ ಬಸ್ಸು ಹತ್ತಿ ಬಾ, ನಿನ್ನ ಕೈಯಾರೆ ಎಳೆದು ತೋರಿಸು, ನಾನು ಪಕ್ಕದಲ್ಲಿ ನಿಂತು ಪಾನಾ ಕೊಡುತ್ತೇನೆ. ಬೇಕಾದರೆ ಅವತ್ತು ಹೆಗಡೆಯವರ ಎದುರೇ ನಿನ್ನನ್ನು ಉಸ್ತಾದ್ ಎನ್ನುತ್ತೇನೆ. ಆದರೆ ನಮ್ಮ ಶೆಡ್ಡಿನೊಳಗೆ ಆ ಮಡಗಾಂವ್‌ನವನನ್ನು ಮಾತ್ರ ನೀನು ಉಸ್ತಾದ್ ಎನ್ನದೆ ಹೆಸರು ಹಿಡಿದೇ ಕರೆಯಬೇಕು.