ಬೆಚ್ಚಗಿನ ಅಂಗಿ, ಹತ್ತನೇ ನಂಬರ್

ಅಥ್ಲೋನ್, ಮೀಡ್ ಪ್ರಾಂತ್ಯ
ನಡುದಿಂಗಳು ೯, ೨೧೩೩

ವಿರೂಪಾಕ್ಷ ಕರಡಿಗೆ,

ತಾರೀಕು ನೋಡಿ ಹುಬ್ಬು ಗಂಟಿಕ್ಕಬೇಡ. ನಡುದಿಂಗಳು ನಿಮ್ಮ ಫೆಬ್ರವರಿಗೂ ಮಾರ್ಚಿಗೂ ಮಧ್ಯೆ ನಾವು ತುರುಕಿಕೊಂಡ ತಿಂಗಳು. ಆ ಹೊತ್ತಿಗೆ ಇಲ್ಲಿ ಮಳೆ ಎಷ್ಟು ಹೊಡೆಯುತ್ತದೆಂದರೆ ಶಾಲೆ, ಕಚೇರಿ, ಮದುವೆ ಎಲ್ಲ ನಿಲ್ಲುತ್ತವೆ. ನಿಂತುಹೋದ ದಿನಗಳಿಗೂ ಒಂದು ಹೆಸರಿರಲಿ ಎಂದು ಯಾರೋ ಪುಣ್ಯಾತ್ಮರು ಹೀಗೆ ಮಾಡಿದರು. ನನ್ನ ಕನ್ನಡ ನಿನಗೆ ವಿಚಿತ್ರ ಅನ್ನಿಸಿದರೆ ಕ್ಷಮೆ ಇರಲಿ. ನೀನು ಇಳಕಲ್ಲಿನಿಂದ ತಂದ ಭಾಷೆಯನ್ನು ನಾಲ್ಕು ತಲೆಮಾರು ಈ ಒದ್ದೆ ನೆಲದಲ್ಲಿ ಒಣಗಿಸಿ ಬಳಸಿದ್ದೇವೆ. ನಾನು ನಿನ್ನ ಮೊಮ್ಮಗಳ ಮಗಳು ನಿಂಬವ್ವ. ನೀನು ನನ್ನ ಮುತ್ತಜ್ಜ. ಆದರೆ ಈ ಪತ್ರ ಓದುವಾಗ ನೀನಿನ್ನೂ ಮದುವೆಯಾಗದ ಹುಡುಗ, ನನಗಿಂತ ಹತ್ತು ವರ್ಷ ಚಿಕ್ಕವನು. ಆದ್ದರಿಂದ ಬಹುವಚನದ ಮರ್ಯಾದೆ ನಿರೀಕ್ಷಿಸಬೇಡ. ಬೇರೆ ಕಾರಣಗಳೂ ಇವೆ, ಹೇಳುತ್ತೇನೆ.

ಇದು ಹಿಂದೋಲೆ. ಹಿಂದಿನ ಕಾಲಕ್ಕೆ ಹೋಗುವ ಓಲೆ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಹಿಂದೋಲೆ ಕಳಿಸುವ ಹಕ್ಕಿದೆ. ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ, ಕೈತಪ್ಪಿದ ಪ್ರೀತಿಗೆ ಬರೆಯುತ್ತಾರೆ, ಸಣ್ಣವರಿದ್ದಾಗಿನ ತಮಗೇ ಬರೆದುಕೊಂಡು ಅಳುತ್ತಾರೆ. ನಾನು ನನ್ನದನ್ನು ನಿನ್ನ ಗ್ರಹಚಾರ ಬಿಡಿಸಲು ಇಟ್ಟುಕೊಂಡಿದ್ದೆ.

ನೀನೀಗ ಹೊಸ ರಗ್ಬಿ ತಂಡವೊಂದಕ್ಕೆ ಫಿಸಿಯೋ ಆಗಿ ಸೇರಿದ್ದೀಯ. ಐರ್ಲೆಂಡಿನಲ್ಲಿ ನಾಲ್ಕೇ ಪ್ರಾಂತ್ಯಗಳ ತಂಡಗಳು ಎಂದು ಎಲ್ಲರೂ ಬೆರಳು ಮಡಿಸುತ್ತಿರುವಾಗ, ನಡುನಾಡಿನ ಮೀಡ್ ಐದನೆಯದಾಗಿ ಎದ್ದು ನಿಲ್ಲುತ್ತಿದೆ. ನಿಮ್ಮದು ಬಡ ತಂಡ. ಒಳ್ಳೆಯ ಹುಡುಗರು ಸಿಗುತ್ತಾರೆ, ಕಾಲು ಗಟ್ಟಿಯಾಗುತ್ತಲೇ ಬೇರೆ ಪ್ರಾಂತ್ಯಕ್ಕೆ ಹಾರುತ್ತಾರೆ. ರಗ್ಬಿಯಲ್ಲಿ ಹದಿನೈದು ಜನ ಆಡುತ್ತಾರೆ, ಎಂಟು ಜನ ಬೆಂಚಿನಲ್ಲಿ ಕೂರುತ್ತಾರೆ. ಆದರೆ ಚಳಿಗಾಲ ಮುಗಿಯುವಷ್ಟರಲ್ಲಿ ಯಾರದೋ ಭುಜ ಕಳಚಿರುತ್ತದೆ, ಯಾರದೋ ಮಂಡಿ ತಿರುಚಿರುತ್ತದೆ. ಆಗ ಬೆಂಚಿನ ಹಿಂದೆ ಇನ್ನೂ ಎಷ್ಟು ಜನ ಇದ್ದಾರೆ ಎಂಬುದೇ ತಂಡದ ಅಳತೆ. ಅದನ್ನು ‘ಆಳ’ ಅನ್ನುತ್ತೀರಿ. ಬರುವ ಗುರುವಾರದ ಸಭೆಯಲ್ಲಿ ನಿಮ್ಮ ಕೋಚು ಈ ಆಳದ ಬಗ್ಗೆಯೇ ತಲೆ ಕೆಡಿಸಿಕೊಂಡು ಕೂತಿರುತ್ತಾನೆ. ಆಡಿಸಲು ಜಾಗವಿಲ್ಲ, ಬಿಟ್ಟುಕೊಡಲು ಮನಸ್ಸಿಲ್ಲ, ಈ ಹುಡುಗರನ್ನು ಹಿಡಿದಿಡುವುದು ಹೇಗೆ ಎಂದು ಕೇಳುತ್ತಾನೆ. ನಿನ್ನನ್ನಂತೂ ಯಾರೂ ಕೇಳಿರುವುದಿಲ್ಲ. ನೀನೇ ಎದ್ದು ನಿಲ್ಲುತ್ತೀಯ.

ನೀನು ಅಲ್ಲಿ ಆಡಿದ ಮಾತನ್ನು ನನ್ನ ಅಜ್ಜ, ಅಂದರೆ ನಿನಗಿನ್ನೂ ಹುಟ್ಟದ ಮಗ, ಹಬ್ಬದೂಟಕ್ಕೆ ಕೂತಾಗಲೆಲ್ಲ ನಮ್ಮ ಮನೆಯ ಕನ್ನಡದಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದ: “ದೊಡ್ಡವರ ಅಂಗಿ ಆ ಹುಡುಗರು ತೊಟ್ಟು ಬೆಚ್ಚಗ ಮಾಡಿಕೊಡ್ಲಿ ಸರ್. ದೊಡ್ಡವರ ಮೈ ಹಿಡಿಯೂದಿಲ್ಲ, ಹುಡುಗರಿಗೂ ತಂಡದಾಗ ಇದ್ದಂಗ ಅನಸ್ತದ.”

ಚಪ್ಪಾಳೆ ಬೀಳುತ್ತದೆ. ಒದ್ದೆ ಚಳಿಯಲ್ಲಿ ತಣ್ಣನೆಯ ಅಂಗಿ ತೊಟ್ಟು ಮೈದಾನಕ್ಕಿಳಿದರೆ ಸ್ನಾಯು ಬಿಗಿಯುವುದು ನಿಜ, ಅದು ನಿನ್ನ ವೈದ್ಯಜ್ಞಾನ. ಹುಡುಗರಿಗೆ ಒಂದು ತುತ್ತು ರುಚಿ ತೋರಿಸಿದರೆ ಊಟ ಕೇಳದೆ ಬಾಗಿಲಲ್ಲೇ ಕಾಯುತ್ತಾರೆ ಎಂಬುದೂ ನಿಜ, ಅದು ನಿನ್ನ ಬುದ್ಧಿವಂತಿಕೆ. ಎರಡೂ ಚೆನ್ನಾಗಿ ಕೆಲಸ ಮಾಡಿದವು. ನೂರು ವರ್ಷ ಮಾಡಿದವು.

ನಮ್ಮ ಕಾಲಕ್ಕೆ ಅದೊಂದು ಉದ್ಯೋಗವೇ ಆಗಿತ್ತು. ಅದನ್ನು ಮಾಡುವವರನ್ನು ಕಾವಿನವರು ಎಂದು ಕರೆಯುತ್ತಿದ್ದೆವು, ಕೋಳಿ ಕಾವು ಕೂರುತ್ತದಲ್ಲ ಹಾಗೆ. ಹೆಣ್ಣು ಗಂಡು ಒಂದೇ ತಂಡದಲ್ಲಿ ಆಡುವ ಕಾಲ ನಮ್ಮದು, ಆದ್ದರಿಂದ ಕಾವಿನವರಲ್ಲೂ ಇಬ್ಬರೂ ಇರುತ್ತಿದ್ದರು. ಒಬ್ಬೊಬ್ಬ ಹಿರಿಯ ಆಟಗಾರನಿಗೆ ಒಬ್ಬೊಬ್ಬ ಕಾವಿನವ. ಬೆಳಿಗ್ಗೆ ದೋಣಿ ಹತ್ತಿ ಮೈದಾನಕ್ಕೆ ಹೋಗಬೇಕು. ಶಾನನ್ ನದಿ ಈಗ ನಿಮ್ಮ ಕಾಲದ ನದಿಯಲ್ಲ, ಅರ್ಧ ಅಥ್ಲೋನನ್ನು ನುಂಗಿ ಕೆರೆಯಾಗಿ ಕೂತಿದೆ. ಬೇಸಿಗೆಯಲ್ಲಿ ಅದರ ದಡದ ಮೇಲೆ ಜೋಳ ಬೆಳೆಯುತ್ತದೆ ಎಂದರೆ ನೀನು ನಂಬಲಾರೆ. ಆ ಜೋಳದ ರೊಟ್ಟಿ ಕಟ್ಟಿಕೊಂಡು ಹೋಗಿ, ದಿನವಿಡೀ ನಮ್ಮ ನಮ್ಮ ಹಿರಿಯರನ್ನು ನೋಡುತ್ತ ಅವರಂತೆ ಓಡುವುದು, ಅವರಂತೆ ಒದೆಯುವುದು, ಅವರಂತೆ ಬೀಳುವುದು ಕಲಿಯುತ್ತಿದ್ದೆವು. ಬದಲಿಯಾಗಿ ಇಳಿದವನು ಮೊದಲಿನವನಂತೆಯೇ ಆಡಬೇಕು, ತಂಡಕ್ಕೆ ವ್ಯತ್ಯಾಸ ಗೊತ್ತಾಗಬಾರದು ಎಂಬುದು ನಿಯಮ. ಅದನ್ನು ನಮ್ಮವರು ಎಷ್ಟು ಮೂರ್ಖತನದವರೆಗೆ ಎಳೆದಿದ್ದರೆಂದರೆ, ಹತ್ತನೇ ನಂಬರಿನ ಫೀಕ್ರಾ ತ್ವೋಮಿಗೆ ಎಡ ಮಂಡಿ ನೋವು ಬಂದು ಸ್ವಲ್ಪ ಕುಂಟತೊಡಗಿದಾಗ, ಒಬ್ಬರಾದ ಮೇಲೊಬ್ಬರಂತೆ ಅವನ ಕಾವಿಗೆ ಬಂದವರಿಗೂ ಕುಂಟಲು ಕಲಿಸಿದರು. ನಗಬೇಡ. ಕಲಿತವರಲ್ಲಿ ನಾನೂ ಒಬ್ಬಳು.

ನನಗಿಂತ ಮೊದಲು ಕಲಿತವನು ನನ್ನ ಅಣ್ಣ ಸಂಗಣ್ಣ. ಹತ್ತನೇ ನಂಬರಿನವನೆಂದರೆ ತಂಡದ ಮಿದುಳು. ಚೆಂಡು ಒದೆಯಬೇಕೋ, ದಾಟಿಸಬೇಕೋ, ಹೊತ್ತು ಓಡಬೇಕೋ ಎಂದು ಹೇಳುವವನು ಅವನೇ. ಸಂಗಣ್ಣನಂಥ ಹತ್ತನೇ ನಂಬರನ್ನು ಈ ನಡುನಾಡು ಕಂಡಿರಲಿಲ್ಲ. ಚೆಂಡು ಅವನ ಕೈಗೆ ಬರುವ ಮೊದಲೇ ಅದು ಹೋಗಬೇಕಾದ ಜಾಗ ಅವನಿಗೆ ಗೊತ್ತಿರುತ್ತಿತ್ತು. ಪಶ್ಚಿಮ ಪ್ರಾಂತ್ಯದವರು ಅವನನ್ನು ಕೇಳಿದರು, ಆಮೇಲೆ ದಕ್ಷಿಣದವರು ಕೇಳಿದರು. ತಂಡದ ಮುಖ್ಯಸ್ಥೆ ಹೆಫರ್ನಾನ್ ಎರಡು ಸಲವೂ ನಕ್ಕು, ಇವನು ನಮ್ಮ ಆಳ, ಆಳವನ್ನು ಯಾರಾದರೂ ಕೊಡುತ್ತಾರೆಯೇ ಎಂದಳಂತೆ. ಅವಳು ಅವನನ್ನು ಆಡಿಸಲೂ ಇಲ್ಲ. ಫೀಕ್ರಾ ಗಟ್ಟಿ ಪಿಂಡ, ಕುಂಟಿಕೊಂಡೇ ಎಲ್ಲ ಪಂದ್ಯ ಆಡಿದ. ಸಂಗಣ್ಣ ಪ್ರತಿ ಪಂದ್ಯಕ್ಕೂ ಆ ಅಂಗಿ ತೊಟ್ಟು ಮೈದಾನಕ್ಕೆ ಹೋಗುವ ಸುರಂಗದಲ್ಲಿ ನಿಲ್ಲುತ್ತಿದ್ದ. ಹೊರಗೆ ಜನರ ಕೂಗು ಕೇಳುತ್ತಿತ್ತು. ಆಟ ಶುರುವಾಗುವ ಸೈರನ್ನಿಗೆ ಸ್ವಲ್ಪ ಮೊದಲು ಫೀಕ್ರಾ ಬಿಸಿ ಕೋಣೆಯಿಂದ ಬಂದು, ಮುಖ ಕೂಡ ನೋಡದೆ, ಕೈ ಚಾಚುತ್ತಿದ್ದ.

ಅಣ್ಣ ಯಾಕೆ ಬಿಟ್ಟು ಬರಲಿಲ್ಲ ಎಂದು ನೀನು ಕೇಳಬಹುದು. ನಿನಗೇ ಗೊತ್ತಿರಬೇಕಿತ್ತು. ಅವನಿಗೂ ತಂಡದಲ್ಲಿ ಇದ್ದ ಹಾಗೆ ಅನ್ನಿಸುತ್ತಿತ್ತು.

ಮೂವತ್ತು ತುಂಬಿದ ಚಳಿಗಾಲ ಅವನಿಗೊಂದು ಊಟ ಹಾಕಿ, ಬೆನ್ನು ತಟ್ಟಿ ಕಳಿಸಿದರು. ಒಂದು ಪಂದ್ಯವನ್ನೂ ಆಡದೆ ಬಂದ. ಅಂಗಿಯನ್ನೂ ಕೊಡಲಿಲ್ಲ, ಅದು ಫೀಕ್ರಾನದು ಎಂದರು. ಈಗ ಅವನು ಆಲೂಗಡ್ಡೆ ಸಾಗಿಸುವ ದೋಣಿ ನಡೆಸುತ್ತಾನೆ. ಪಂದ್ಯದ ದಿನ ಮನೆಯಲ್ಲಿದ್ದರೆ ಒಂದು ಸ್ವೆಟರ್ ತೊಟ್ಟು ಅಡುಗೆಮನೆಯ ಕುರ್ಚಿಯಲ್ಲಿ ಕೂರುತ್ತಾನೆ. ನದಿಯಾಚೆ ಸೈರನ್ ಮೊಳಗುವ ಹೊತ್ತಿಗೆ ಎದ್ದು ಅದನ್ನು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟು ಹಿತ್ತಲಿಗೆ ಹೋಗುತ್ತಾನೆ. ತಾನು ಹೀಗೆ ಮಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿದೆಯೋ ಇಲ್ಲವೋ, ನನಗೆ ಕೇಳಲು ಧೈರ್ಯ ಬಂದಿಲ್ಲ. ಮೊದಲ ಸಲ ಅದನ್ನು ಕಂಡ ದಿನವೇ ನಾನು ಹೆಫರ್ನಾನಳ ಬಳಿ ಹೋಗಿ ಅಣ್ಣನ ಕೆಲಸ ನನಗೆ ಕೊಡಿ ಎಂದೆ. ಕರಡಿ ಮನೆತನದ ನಿಷ್ಠೆ ಎಂದು ಅವಳು ಕಣ್ಣೊರೆಸಿಕೊಂಡಳು.

ನನ್ನ ಹೊಟ್ಟೆಯೊಳಗಿದ್ದದ್ದು ನಿಷ್ಠೆಯಲ್ಲ. ಸೈರನ್ನಿನ ನಿಯಮ ನನಗೆ ಗೊತ್ತಿತ್ತು. ಹಿಂದೊಮ್ಮೆ ಯಾವುದೋ ತಂಡ ಕೊನೇ ಗಳಿಗೆಯಲ್ಲಿ ಆಟಗಾರರನ್ನು ಬದಲಿಸಿ ಮೋಸ ಮಾಡಿತೆಂದು, ಇದೇ ಹೆಫರ್ನಾನ್ ಹಟ ಹಿಡಿದು ಲೀಗಿನಲ್ಲಿ ಒಂದು ಕಟ್ಟಳೆ ಮಾಡಿಸಿದ್ದಳು: ಸೈರನ್ ಮೊಳಗಿದ ಮೇಲೆ ಅಂಗಿ ಬದಲಿಸುವಂತಿಲ್ಲ, ಆಗ ಯಾರ ಮೈಮೇಲೆ ಅಂಗಿಯಿದೆಯೋ ಅವರೇ ತಂಡ, ಅವರು ಆಡದಿದ್ದರೆ ಪಂದ್ಯ ಎದುರಾಳಿಗೆ. ಕಾವಿನವರ ಕಡೆ ಅವಳ ಯೋಚನೆ ಹೋಗಲೇ ಇಲ್ಲ. ಗೂಟಕ್ಕೆ ತೊಡಿಸಿದ ಅಂಗಿ ಎದ್ದು ಓಡುತ್ತದೆಂದು ಯಾರು ತಾನೇ ಯೋಚಿಸುತ್ತಾರೆ?

ಮೂರು ಚಳಿಗಾಲ ನಾನು ಬಾಯಿ ಬಿಡಲಿಲ್ಲ. ಫೀಕ್ರಾನ ಅಂಗಿ ಬೆಚ್ಚಗೆ ಮಾಡಿದೆ, ಅವನ ಕುಂಟು ಕಲಿತೆ, ಹೆಫರ್ನಾನಳಿಗೆ ಚಹಾ ಕೊಟ್ಟೆ. ಮೀಡ್ ಫೈನಲ್ ತಲುಪಿದ ವರ್ಷ, ಮೈದಾನಕ್ಕೆ ಹೋಗುವ ದೋಣಿಯಲ್ಲಿ ಉಳಿದ ಕಾವಿನವರಿಗೆ ವಿಷಯ ಹೇಳಿದೆ. ಒಬ್ಬಳು ಬೂಟಿನ ದಾರ ಬಿಚ್ಚಿ ಇನ್ನೊಮ್ಮೆ ಬಿಗಿಯಾಗಿ ಕಟ್ಟಿಕೊಂಡಳು. ಸುರಂಗದಲ್ಲಿ ಹದಿನೈದು ಜನ ಸಾಲಾಗಿ ನಿಂತೆವು. ಹಿರಿಯರು ಬನಿಯನ್ನಿನಲ್ಲಿ ಬಂದರು. ಫೀಕ್ರಾ ಎಂದಿನಂತೆ ಬೇರೆ ಕಡೆ ನೋಡುತ್ತ ಕೈ ಚಾಚಿದ.

ನಾನು ಅಂದೆ, “ಹೊರಗ ಚಳಿ ಭಾಳ ಐತಿ. ನಾನ ತೊಟ್ಟಿರ್ತೀನಿ.”

ಕನ್ನಡದಲ್ಲೇ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಮೊದಲ ಸಲ ನನ್ನ ಮುಖ ನೋಡಿದ. ಅಷ್ಟರಲ್ಲಿ ಸೈರನ್ ಮೊಳಗಿತು. ಹೆಫರ್ನಾನ್ ಓಡಿಬಂದು ರೆಫರಿಯ ತೋಳು ಹಿಡಿದಳು. ಅವಳೇ ಮಾಡಿಸಿದ ಕಟ್ಟಳೆಯನ್ನು ಅವನು ಅವಳಿಗೆ ವಿನಯದಿಂದ ನೆನಪಿಸಿದ. ಹೆಫರ್ನಾನಳ ಆಗಿನ ಮುಖ ನನಗೆ ಬಾಯಿಪಾಠವಾಗಿದೆ ಮುತ್ತಜ್ಜ. ನಿದ್ದೆ ಬಾರದಿದ್ದಾಗ ನೆನೆದುಕೊಳ್ಳುತ್ತೇನೆ, ಹಾಯಾಗಿ ನಿದ್ದೆ ಬರುತ್ತದೆ.

ನಾವು ಆಡಿದೆವು. ಎದುರಿನವರು ತಿಂಗಳುಗಟ್ಟಲೆ ಫೀಕ್ರಾನ ಆಟ ನೋಡಿ ತಯಾರಾಗಿ ಬಂದಿದ್ದರು. ಅವನ ಎಡ ಮಂಡಿ ಸೋಲುತ್ತದೆ, ಅವನು ಎಡಕ್ಕೆ ತಿರುಗಲಾರ ಎಂದು ಅವರಿಗೆ ಗೊತ್ತು. ನಾನು ಕಲಿತ ಹಾಗೇ ಕುಂಟಿದೆ. ನನಗೂ ಅದೇ ಕಾಯಿಲೆ ಇದೆಯೆಂದುಕೊಂಡು ಇಡೀ ಪಂದ್ಯ ನನ್ನ ಎಡಗಡೆಯನ್ನು ಬಿಟ್ಟು ಬಲಗಡೆಯೇ ಕಾವಲು ನಿಂತರು. ಕೊನೆಗೆ, ನಾವು ನಾಲ್ಕು ಅಂಕ ಹಿಂದಿರುವಾಗ, ಚೆಂಡು ನನ್ನ ಕೈಗೆ ಬಂತು. ನಾನು ಕುಂಟುವುದನ್ನು ನಿಲ್ಲಿಸಿದೆ. ಎಡಗಾಲು ಊರಿ ಎಡಕ್ಕೇ ತಿರುಗಿ ಗೆರೆಯವರೆಗೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ. ಗೆರೆಯಾಚೆ ಚೆಂಡು ಊರಿದೆ, ಐದು ಅಂಕ, ಪಂದ್ಯ ನಮ್ಮದಾಯಿತು. ಫೀಕ್ರಾ ಬನಿಯನ್ನಿನಲ್ಲಿ ಸುರಂಗದ ಬಾಯಲ್ಲಿ ನಡುಗುತ್ತ ನಿಂತಿದ್ದನ್ನು ಇಡೀ ಪ್ರಾಂತ್ಯ ಪರದೆಯ ಮೇಲೆ ನೋಡಿತು.

ಆ ಗೆಲುವಿನ ಬಲದಿಂದ ಈಗ ಆಟಗಾರರನ್ನು ಆರಿಸುವವಳು ನಾನು. ಕಾವಿನ ಪದ್ಧತಿ ಮುಗಿಯಿತು. ಆಡಿಸಲಾಗದ ಹುಡುಗರನ್ನು ಕೇಳಿದವರಿಗೆ ಬಿಟ್ಟುಕೊಡುತ್ತೇನೆ. ನಮ್ಮ ತಂಡಕ್ಕೆ ಈಗ ಆಳ ಕಡಿಮೆ, ಆಗಾಗ ಸೋಲುತ್ತೇವೆ, ಸೋತರೆ ಸೋತೆವು. ಹೆಫರ್ನಾನಳಿಗೆ ಪ್ರತಿ ಪಂದ್ಯಕ್ಕೂ ಗೌರವದ ಆಸನ ಕೊಟ್ಟಿದ್ದೇನೆ, ನದಿಯ ಗಾಳಿ ನೇರವಾಗಿ ಹೊಡೆಯುವ ಮೂಲೆಯಲ್ಲಿ. ಗೌರವವೆಂದರೆ ಅವಳಿಗೆ ಪ್ರಾಣ, ಆದ್ದರಿಂದ ಕೆಮ್ಮಿಕೊಂಡೇ ಬರುತ್ತಾಳೆ.

ಉಳಿದವನು ನೀನು. ಸುರಂಗದ ಬಾಯಲ್ಲಿ ನಿನ್ನದೊಂದು ಕಂಚಿನ ಪ್ರತಿಮೆ ಇತ್ತು, ಎರಡೂ ಕೈಗಳಲ್ಲಿ ಅಂಗಿ ಹಿಡಿದು ನಗುತ್ತ ಮುಂದೆ ಚಾಚಿದ್ದು. ಕಾವಿನವರು ಅದರ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಸಂಗಣ್ಣನೂ. ಅದನ್ನು ಕೀಳಿಸಿ ಮೈದಾನದ ಹಿಂದಿನ ದಿಬ್ಬದ ಮೇಲೆ, ನನ್ನ ಕಚೇರಿಯ ಕಿಟಕಿಗೆ ಕಾಣುವಂತೆ, ಬಯಲಲ್ಲಿ ನಿಲ್ಲಿಸಿದ್ದೇನೆ. ಮಳೆ ನಿನ್ನ ಮೂಗಿನಿಂದ ತೊಟ್ಟಿಕ್ಕುತ್ತದೆ. ನೀನು ಅಂಗಿ ಚಾಚುತ್ತಲೇ ಇದ್ದೀಯ, ತೆಗೆದುಕೊಳ್ಳುವವರು ಯಾರೂ ಇಲ್ಲ. ಸಂಗಣ್ಣ ಒಮ್ಮೆ ಬಂದು ನೋಡಿದ. ಖುಷಿಪಡುತ್ತಾನೆ ಎಂದುಕೊಂಡಿದ್ದೆ. “ಅಂವ ಕೆಟ್ಟದ್ದು ಬಯಸಿರಲಿಲ್ಲ ಬಿಡವ್ವಾ,” ಅಂದು ದೋಣಿ ಹತ್ತಿದ. ಅವನು ನಿನ್ನನ್ನು ಕ್ಷಮಿಸಿದ್ದಾನೆ. ನಾನು ಕ್ಷಮಿಸಿಲ್ಲ.

ಈಗ ಕೇಳು. ಗುರುವಾರದ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರು. ಕೋಚು ಕೇಳಲಿ, ಎಲ್ಲರೂ ತಲೆ ಕೆರೆದುಕೊಳ್ಳಲಿ, ನೀನು ನೆಲ ನೋಡುತ್ತಿರು. ನೀನು ಸುಮ್ಮನಿದ್ದರೆ ಕಾವಿನವರು ಇರುವುದಿಲ್ಲ, ಆ ಸುರಂಗ ಇರುವುದಿಲ್ಲ, ಹೆಫರ್ನಾನಳ ಆ ಮುಖ ಇರುವುದಿಲ್ಲ, ಗೆರೆಯವರೆಗೆ ನಾನು ಓಡಿದ್ದೂ ಇರುವುದಿಲ್ಲ ಎಂದು ಹಿಂದೋಲೆ ಕಚೇರಿಯವರು ಎಚ್ಚರಿಸಿದ್ದಾರೆ. ಯೋಚಿಸಿದೆ. ನನ್ನ ಬದುಕಿನಲ್ಲಿ ನನಗೆ ಅದಕ್ಕಿಂತ ಸವಿಯಾದದ್ದು ಇನ್ನೊಂದಿಲ್ಲ. ಅದನ್ನು ಬಿಟ್ಟುಕೊಡುತ್ತೇನೆ. ಸಂಗಣ್ಣನಿಗೆ ಒಂದು ಪಂದ್ಯ ಸಿಗಲಿ, ಯಾವ ಪ್ರಾಂತ್ಯದ್ದಾದರೂ ಸರಿ, ಅವನ ಹೆಸರಿನ ತಣ್ಣನೆಯ ಅಂಗಿಯಲ್ಲಿ.

ನಾಳೆ ಬೆಳಿಗ್ಗೆ ದೋಣಿಯಲ್ಲಿ ಹೋಗಿ ಇದನ್ನು ಹಿಂದೋಲೆ ಪೆಟ್ಟಿಗೆಗೆ ಹಾಕಿ ಬರುತ್ತೇನೆ. ಬಂದವಳೇ ನನ್ನ ಕಚೇರಿಯ ಕಿಟಕಿಯ ಹೊರಗೆ ನೋಡುತ್ತೇನೆ. ದಿಬ್ಬ ಖಾಲಿಯಿದ್ದರೆ ನೀನು ನನ್ನ ಮಾತು ಕೇಳಿದೆ ಎಂದು ಅರ್ಥ, ಆಗ ನಾನು ಯಾಕೆ ನೋಡುತ್ತಿದ್ದೇನೆ ಎಂಬುದೂ ನನಗೆ ನೆನಪಿರುವುದಿಲ್ಲ. ನೀನು ಅಲ್ಲೇ ನಿಂತಿದ್ದರೆ, ಮುತ್ತಜ್ಜ, ಈ ತಿಂಗಳು ಮುಗಿಯುವವರೆಗೆ ಮಳೆ ನಿಲ್ಲುವುದಿಲ್ಲ.

ನಿಂಬವ್ವ ಕರಡಿ