ದಂಡನಾಯಕನಿಗೆ ಖೋ

ಜೂನ್ 17, ಮಂಗಳವಾರ. ಸ್ಟಾಫ್ ಬಸ್ಸಲ್ಲಿ

ಬೆಳಿಗ್ಗೆಯಿಂದ ಗಣಿಯಲ್ಲಿ ಪಿಟ್ ಸರ್ವೆ. ಅರ್ಧ ಹೊತ್ತು ಲೆನ್ಸಿನ ಕೆಂಧೂಳು ಒರೆಸಿದ್ದೇ ಆಯಿತು. ಬಸ್ ಹತ್ತಿ ಕೂತಾಗ ವಾಟ್ಸಾಪಲ್ಲಿ ಸ್ಫೂರ್ತಿಯ ಪಿಡಿಎಫ್ — ನಮ್ಮ 'ಬೆಟ್ಟದ ಕಾವಲು' ಆಟದ ಪುಸ್ತಕ, ಎರಡನೇ ಆವೃತ್ತಿ, ಕರಡು. ಮೊದಲನೆಯದನ್ನು ಇಬ್ಬರೂ ಸೇರಿ ಬರೆದದ್ದು. ಕಥೆ ಅವಳದು, ಕಾಳಗದ ಅಧ್ಯಾಯ ನನ್ನದು.

ನನ್ನ ಅಧ್ಯಾಯ ಹುಡುಕಿದೆ. ಇಲ್ಲ.

ಚೌಕಗಳ ನಕಾಶೆ ಇಲ್ಲ. ಇಳಿಜಾರಿನ ಕೋಷ್ಟಕ ಇಲ್ಲ. ಬೆನ್ನ ಹಿಂದಿನಿಂದ ಹೊಡೆದರೆ ಎಷ್ಟು, ಮೇಲಿನಿಂದ ಹೊಡೆದರೆ ಎಷ್ಟು — ಯಾವುದೂ ಇಲ್ಲ. ಇಡೀ ಕಾಳಗ ಒಂದೇ ಪುಟ. ನನ್ನ ನಲವತ್ತು ಪುಟ ಎಲ್ಲಿ ಹಾಕಿದಳೋ ಮಹಾತಾಯಿ.

ಪಕ್ಕದ ಸೀಟಿನ ಲಿಂಗರಾಜ್ ಬಗ್ಗಿ ನೋಡಿದ. "ಏನ್ರಿ ಅದು, ಪ್ರಮೋಶನ್ ಪರೀಕ್ಷೇನ?" ಆಟ ಎಂದೆ. ಮೇಜಿನ ಸುತ್ತ ಕೂತು, ಆಳಿಗೊಂದು ಪಾತ್ರ ಹಿಡಿದು, ದಾಳ ಹಾಕುತ್ತಾ ಬಾಯಲ್ಲೇ ಕಥೆ ನಡೆಸುವುದು. ಒಬ್ಬರು ಶತ್ರುಗಳನ್ನು ಆಡಿಸುತ್ತಾರೆ. "ಗೆದ್ರ ಏನ್ ಕೊಡ್ತಾರ?" ಏನೂ ಇಲ್ಲ ಎಂದೆ. ಕಣ್ಣು ಮುಚ್ಚಿ ನಿದ್ದೆಗೆ ಬಿದ್ದ.

ಜೂನ್ 18

ಸ್ಫೂರ್ತಿಗೆ ಫೋನ್. ಹೊಸಪೇಟೆ ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ, ನನಗಿಂತ ಎಷ್ಟೋ ಚಿಕ್ಕವಳು. ಕೂಗಾಡಬೇಕೆಂದಿದ್ದೆ. ಆಗಲಿಲ್ಲ.

"ಅಣ್ಣ, ನಿಮ್ ರೂಲ್ಸ್ ಭಾಳ ಚಲೋ ಅದಾವ. ಆದ್ರ ಒಂದ್ ಕಾಳಗ ಮುಗಿಯೋದ್ರಾಗ ಮಂದಿ ಎದ್ದು ಮನೀಗೆ ಹೋಗಿರ್ತಾರ."

"ಒಂದ್ ಪುಟದಾಗ ಯುದ್ಧ ಆಗ್ತತೇನವ್ವ? ಗಲ್ಲಿ ಜಗಳ ಆಗ್ತತಿ."

"ಹಂಗಂದ್ರ ಮುರದು ತೋರಸ್ರಿ. ಮುರಿಯಾಕ ನಿಮ್ಮಷ್ಟು ಚಲೋರು ಯಾರದಾರ?"

ಒಪ್ಪಂದ ಆಯಿತು. ಜುಲೈ ಆರಕ್ಕೆ ಅವಳ ಮನೆಯಲ್ಲಿ ಆಡಿ ನೋಡುವುದು. ಅವಳ ಪುಟದಲ್ಲಿ ತೂತು ತೋರಿಸಿದರೆ ಪ್ರೆಸ್ಸಿಗೆ ನನ್ನ ಅಧ್ಯಾಯ. ಇಲ್ಲದಿದ್ದರೆ ಅವಳ ಪುಟ. ಏಳು ವರ್ಷ ತಿದ್ದಿದ ಕೆಲಸ... ಬಿಡುವ ಮಾತೇ ಇಲ್ಲ.

ಜೂನ್ 22, ಭಾನುವಾರ

ತಪ್ಪು ಹುಡುಕಲೆಂದೇ ಓದಿದೆ. ಹುಡುಗಿ ಬುದ್ಧಿವಂತೆ, ಏನು ಮಾಡಲಿ. ದೂರಕ್ಕೆ ಚೌಕದ ಬದಲು ಮೂರೇ ಮಾತು — ಕೈಗೆ ಸಿಗುವಷ್ಟು, ಕಲ್ಲು ಒಗೆದರೆ ಮುಟ್ಟುವಷ್ಟು, ಕೂಗಿದರೆ ಕೇಳುವಷ್ಟು. ಅಳತೆಯಿಂದಲೇ ಅನ್ನ ತಿನ್ನುವ ನನಗೆ ಇದು ಹೊಳೆದಿರಲಿಲ್ಲ. ಹೊಟ್ಟೆ ಉರಿಯಿತು.

ಸರದಿಗೆ ದಾಳವೂ ಇಲ್ಲ, ಪಟ್ಟಿಯೂ ಇಲ್ಲ. ಖೋ. ಆಡಿ ಮುಗಿಸಿದವರು, ಆ ಸುತ್ತಿನಲ್ಲಿ ಇನ್ನೂ ಆಡದ ಯಾರಿಗಾದರೂ ಖೋ ಕೊಡಬೇಕು. ನಮ್ಮವರಿಗೂ ಆಯಿತು, ಶತ್ರುವಿಗೂ ಆಯಿತು. ಸುತ್ತಿನ ಕೊನೆಗೆ ಆಡಿದವರು ಮುಂದಿನ ಸುತ್ತು ಯಾರಿಂದ ಎಂದು ಹೇಳುತ್ತಾರೆ.

ಸಂಜೆ — ಸಿಕ್ಕಿತು. ಶತ್ರುವಿಗೆ ಯಾರು ತಾನಾಗಿ ಖೋ ಕೊಡುತ್ತಾರೆ? ಎಲ್ಲರೂ ತಮ್ಮವರಿಗೇ ಕೊಡುತ್ತಾರೆ. ಶತ್ರು ಕೊನೆಗೆ ಉಳಿಯುತ್ತಾನೆ. ಕೊನೆಯವನಾಗಿ ಒಂದು ಏಟು, ಮುಂದಿನ ಸುತ್ತಿಗೆ ತನ್ನನ್ನೇ ಮೊದಲು ಕರೆದುಕೊಂಡು ಇನ್ನೊಂದು. ಸಾಲಾಗಿ ಎರಡು. ಎಂಥ ಹಳೆಯ ಪಾತ್ರವೂ ತಾಳುವುದು ಕಷ್ಟ. ಖುಷಿಗೆ ಇನ್ನೊಂದು ಟೀ ಕುಡಿದೆ. ಯಾರಿಗೂ ಹೇಳಲಿಲ್ಲ.

ಜುಲೈ 6, ಭಾನುವಾರ. ಸಂಡೂರು ಬಸ್ಸಲ್ಲಿ

ಬಸ್ಸು ಕುಲುಕುತ್ತಿದೆ. ಅಕ್ಷರ ಹೇಗಿದ್ದರೂ ಸರಿ, ಈಗಲೇ ಬರೆಯಬೇಕು.

ಆಡಲು ಮೂವರು — ನಾನು, ಗ್ಯಾರೇಜಿನ ಯಲ್ಲೇಶ್, ಕಂಪ್ಲಿಯ ರೇಣುಕಮ್ಮ ಟೀಚರ್. ಟೀಚರ್ ಸ್ಫೂರ್ತಿಯ ದೊಡ್ಡಮ್ಮ, ಪಿಟಿ ಕಲಿಸಿ ರಿಟೈರ್ ಆದವರು. ಈ ಆಟಕ್ಕೆ ಹೊಸಬರು. ಅವರ ಪಾತ್ರ ನಾಗವ್ವ, ಆಗಷ್ಟೇ ಮಾಡಿಕೊಂಡದ್ದು, ಒಂದೇ ಏಟಿಗೆ ಬೀಳುವಷ್ಟು ಎಳಸು. ನನ್ನದು ಬೊಮ್ಮ, ಮೊದಲ ದಿನದಿಂದ ಜೊತೆಗಿರುವವನು. ಶತ್ರು ಒಬ್ಬನೇ ದಂಡನಾಯಕ, ಸ್ಫೂರ್ತಿ ಆಡಿಸಿದಳು. ಜಾಗ, ಕಂಬಗಳ ಮಂಟಪ.

ಮೊದಲ ಸುತ್ತು ನಾನೆಣಿಸಿದ ಹಾಗೇ. ನಾವು ನಾವೇ ಖೋ ಕೊಟ್ಟುಕೊಂಡೆವು. ಕೊನೆಗೆ ಉಳಿದ ದಂಡನಾಯಕ ಬೊಮ್ಮನಿಗೆ ಒಂದು ಬಿಟ್ಟ. ಎರಡನೇ ಸುತ್ತನ್ನು ತನ್ನಿಂದಲೇ ಶುರು ಮಾಡಿ ಇನ್ನೊಂದು. ಬೊಮ್ಮನಿಗೆ ಉಳಿದದ್ದು ಒಂದೇ ಉಸಿರು. ಸ್ಫೂರ್ತಿಯ ಮುಖ ಸಣ್ಣಗಾಯಿತು. ತೂತು ಅವಳಿಗೂ ಕಂಡಿತ್ತು. ಗೆದ್ದೆ ಅಂದುಕೊಂಡೆ.

ಆ ಸುತ್ತನ್ನು ನಾನೇ ಮುಗಿಸಿ, ಮೂರನೆಯದಕ್ಕೆ ಟೀಚರನ್ನು ಕರೆದೆ. ಹೊಸಬರು, ನಮ್ಮವರಿಗೇ ಖೋ ಕೊಡುತ್ತಾರೆ ಎಂಬ ಲೆಕ್ಕ. ಅವರು ದೂರದ ಕಂಬದ ಹಿಂದಿದ್ದ ನಾಗವ್ವನನ್ನು ತಂದು ಬೊಮ್ಮನ ಮುಂದೆ, ದಂಡನಾಯಕನ ಕೈಗೆ ಸಿಗುವಷ್ಟು ಹತ್ತಿರ ನಿಲ್ಲಿಸಿದರು. ಮುಂದೆ ನಿಂತವರನ್ನು ಬಿಟ್ಟು ಹಿಂದಿನವರನ್ನು ಹೊಡೆಯುವಂತಿಲ್ಲ — ಅದೂ ಆ ಪುಟದಲ್ಲೇ ಇದೆ. ಆಮೇಲೆ ದಂಡನಾಯಕನಿಗೆ ಖೋ ಕೊಟ್ಟರು.

ಯಲ್ಲೇಶ್ ಕೈಲಿದ್ದ ಮಿರ್ಚಿ ಕೆಳಗಿಟ್ಟ. "ಏನ್ ಟೀಚರ್, ವೈರಿಗೇ ಕೊಟ್ರಿ?"

"ಕೊನೀಗೆ ಬಿಟ್ರ ಎರಡ್ ಸಲ ಹೊಡೀತಾನಲ್ಲಪ. ಹೊಡೆಯೋದಾದ್ರ ಈಗ ಒಂದ್ ಸಲ ಹೊಡೀಲಿ. ನಾನದೀನಿ."

ನಾಗವ್ವ ಬಿದ್ದಳು. ಏಳಲಿಲ್ಲ. ಆದರೆ ಸುತ್ತಿನ ಕೊನೆ ನಮ್ಮ ಕೈಗೆ ಬಂತು. ಮುಂದಿನದನ್ನೂ ನಾವೇ ಶುರು ಮಾಡಿ ದಂಡನಾಯಕನನ್ನು ಕೆಡವಿದೆವು. ಟೀಚರ್ ಮಿರ್ಚಿ ಮುರಿಯುತ್ತಾ, "ಇನ್ನೊಂದ್ ಪಾತ್ರ ಮಾಡ್ಕೊಡವ್ವ" ಅಂದರು.

ಏಳು ವರ್ಷದಲ್ಲಿ ಬೊಮ್ಮನಿಗೆ ಅಡ್ಡ ಬಂದು ನಿಂತವರು ಯಾರೂ ಇಲ್ಲ. ನನ್ನ ನಲವತ್ತು ಪುಟದಲ್ಲಿ ಎಲ್ಲರೂ ತಮ್ಮ ತಮ್ಮ ಚೌಕ ಎಣಿಸುತ್ತಾ ಕೂತಿದ್ದರು. ಇಷ್ಟು ಚಿಕ್ಕ ಹುಡುಗಿ, ಇಷ್ಟು ದೊಡ್ಡದನ್ನು ಒಂದು ಪುಟದಲ್ಲಿ ಹೇಗೆ ಇಟ್ಟಳು? ಹೆಮ್ಮೆ ಆಗುತ್ತಿದೆ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ, ಸುಳ್ಳೇಕೆ.

ಜುಲೈ 9. ಊಟದ ಹೊತ್ತು, ಆಫೀಸ್

ಸ್ಫೂರ್ತಿಯೇ ಫೋನ್ ಮಾಡಿದಳು. "ತೂತು ಐತಿ ಅಣ್ಣ. ನೀವು ಗೆದ್ರಿ. ನಿಮ್ಮ ಅಧ್ಯಾಯನ ಹಾಕ್ತೀನಿ." ಮಾತಿಗೆ ತಪ್ಪದ ಹುಡುಗಿ.

"ಬ್ಯಾಡ. ನಿನ್ ಪುಟನ ಹೋಗ್ಲಿ. ಒಂದಕ್ಷರ ಮುಟ್ಟಬ್ಯಾಡ."

"ಮತ್ತ ಆ ಎರಡು ಏಟು?"

"ಹಂಗ ಇರ್ಲಿ. ಅದಿದ್ರನ ಮಂದಿ ಒಬ್ರಿಗೊಬ್ರು ಅಡ್ಡ ನಿಲ್ತಾರ."

"ಹಂಗಾರ ಪುಟದ ಕೆಳಗ ಒಂದು ಉದಾಹರಣೆ ಬರದ್ ಕೊಡ್ರಿ ಅಣ್ಣ. ನಿಮ್ ಕೈಲೇ ಆಗ್ಬೇಕು." ಹೂಂ ಅಂದೆ.

ಜುಲೈ 13, ಭಾನುವಾರ

ಉದಾಹರಣೆ, ಕರಡು.

ಮಂಟಪ. ಮೂವರು ಕಾವಲುಗಾರರು, ಒಬ್ಬ ದಂಡನಾಯಕ. ಬೊಮ್ಮನಿಗೆ ಉಳಿದದ್ದು ಒಂದೇ ಉಸಿರು. ನಾಗವ್ವ ಕಂಬದ ಹಿಂದಿನಿಂದ ಬಂದು ಅವನ ಮುಂದೆ ನಿಂತಳು. ದಂಡನಾಯಕನ ಮುಖ ನೋಡಿ ಖೋ ಅಂದಳು. ಆಮೇಲೆ —

ಇಲ್ಲಿ ಬಿದ್ದಳು ಎಂದು ಬರೆಯಬೇಕು. ಮನಸ್ಸು ಬರುತ್ತಿಲ್ಲ. ಉದಾಹರಣೆ ತಾನೆ, ಬದುಕಿಸಿದರೆ ಯಾರು ಕೇಳುತ್ತಾರೆ?

ಇಲ್ಲ. ಟೀಚರ್ ಗೊತ್ತಿದ್ದೇ ನಿಲ್ಲಿಸಿದ್ದು. ಇದ್ದದ್ದು ಇದ್ದ ಹಾಗೇ ಬರಬೇಕು. ನಾಗವ್ವ ಬಿದ್ದಳು.