ಹನ್ನೊಂದು ಗಂಟೆ ನಲವತ್ತು ನಿಮಿಷ

ಸೋಮವಾರ, ಮಾರ್ಚ್ 4

ಅಕ್ಕನ ಒಂದು ಟಿಕೆಟ್‌ಗೆ ಇಲ್ಲಿಯವರೆಗೆ ತಗಲಿದ್ದು: ಹದಿನೇಳು ಫೋನು, ಅವಳ ಮನೆಗೆ ಮೂರು ಸುತ್ತು, ನನ್ನ ಒಂದು ಬಿ.ಪಿ. ಮಾತ್ರೆ. ಇಪ್ಪತ್ತೆರಡು ವರ್ಷದಿಂದ ವಿಮಾನದ ಟಿಕೆಟ್ ಮಾರುತ್ತಿದ್ದೇನೆ. ಊರಿಗೆಲ್ಲ ದಾರಿ ಹೇಳಿದವನಿಗೆ ಮನೆಯವರೇ ಪಾಠ ಹೇಳುತ್ತಾರೆ.

ವಿದೇಶದಲ್ಲಿರುವ ತಮ್ಮನಿಗೆ ಶುಕ್ರವಾರ ಅಲ್ಲಿನ ಬೆಳಿಗ್ಗೆ ಎಂಟಕ್ಕೆ ಹೃದಯದ ಆಪರೇಶನ್. ಅಪ್ಪನ ಮನೆ ಮಾರಿದಾಗ ಮುರಿದ ಮಾತು... ಒಂಬತ್ತು ವರ್ಷ. ಅವನ ಜೊತೆ ಅಕ್ಕನೂ ಆಡಿಲ್ಲ, ನಾನೂ ಆಡಿಲ್ಲ. ಈಗ ಅಕ್ಕ, "ಒಳಗೆ ಕರ್ಕೊಂಡು ಹೋಗೋ ಮುಂಚೆ ಅವನ ಮುಖ ನೋಡ್ಬೇಕು ಕಣೋ" ಎನ್ನುತ್ತಾಳೆ. ಬುಧವಾರದ ವಿಮಾನಕ್ಕೆ ಹಾಕಿದೆ. ಎರಡು ಕಡೆ ಇಳಿದು ಹತ್ತಬೇಕು, ಇಪ್ಪತ್ತಾರು ಗಂಟೆ.

ಭಾವ ರಿಟೈರ್ಡ್ ಗಣಿತದ ಮೇಷ್ಟ್ರು. ಫೋನನ್ನು ನನ್ನ ಮೂಗಿಗೆ ಹಿಡಿದರು.

"ನೋಡಯ್ಯ. ಒಂಬತ್ತು ಸಾವಿರದ ನಾನೂರು ಕಿಲೋಮೀಟರ್. ಹನ್ನೊಂದು ಗಂಟೆ ನಲವತ್ತು ನಿಮಿಷ. ಇಪ್ಪತ್ತಾರು ಎಲ್ಲಿಂದ ತಂದೆ?"

"ಭಾವ, ಅದು ನಕ್ಷೆ ಮೇಲೆ ಗೆರೆ ಎಳೆದ ಲೆಕ್ಕ. ಆ ಗೆರೆ ಮೇಲೆ ಯಾವ ವಿಮಾನಾನೂ ಹೋಗಲ್ಲ."

"ದೂರ ಭಾಗಿಸು ವೇಗ. ಇದರಲ್ಲಿ ನಿನ್ನ ಕಮಿಷನ್ ಎಲ್ಲಿ ತೂರಿಸ್ತೀಯ?"

ಬುಧವಾರ, 6. ಬೆಳಿಗ್ಗೆ 9

ಏಳೂವರೆಗೆ ಕಾರು ತೆಗೆದುಕೊಂಡು ಹೋದರೆ ಅಕ್ಕ ಬೀನ್ಸ್ ಸೋಸುತ್ತ ಕೂತಿದ್ದಾಳೆ. "ನಾಳೆ ಅಲ್ವೇನೋ?"

ನಿನ್ನೆ ನಾನು ಬ್ಯಾಂಕಿಗೆ ಹೋಗಿದ್ದಾಗ ಭಾವ ಆಫೀಸಿಗೆ ಬಂದು, ನಾನೇ ಹೇಳಿದೆನೆಂದು ಕೌಂಟರಿನಾಕೆಯನ್ನು ನಂಬಿಸಿ, ಗುರುವಾರಕ್ಕೆ ಬದಲಾಯಿಸಿದ್ದಾರೆ.

"ನಾಳೆ ಹನ್ನೊಂದಕ್ಕೆ ಹೊರಟರೆ ರಾತ್ರಿ ಹತ್ತು ನಲವತ್ತಕ್ಕೆ ಅಲ್ಲಿ. ಒಂದಿಡೀ ದಿನ ಮಿಗಿಸಿದೀನಿ," ಎಂದರು. ಮುಖದಲ್ಲಿ ಫಸ್ಟ್ ಕ್ಲಾಸ್ ಕಳೆ.

ಅಕ್ಕ ನನ್ನತ್ತ ತಿರುಗಿದಳು. "ಎಷ್ಟೊತ್ತಿಗೆ ಮುಟ್ತೀನಿ? ನಿಜ ಹೇಳು."

"ಶುಕ್ರವಾರ ಸಂಜೆ ಐದು. ಅಲ್ಲಿ ಗಡಿಯಾರ ನಾಲ್ಕು ಗಂಟೆ ಮುಂದೆ."

ಕೈಯಲ್ಲಿದ್ದ ಬೀನ್ಸ್ ಕೈಯಲ್ಲೇ ಉಳಿಯಿತು. ಇವತ್ತಿನ ಸೀಟು ಬೇರೆಯವರ ಪಾಲಾಗಿದೆ. ಆರು ದಾರಿ ಹುಡುಕಿದೆ — ಯಾವುದೂ ಇಲ್ಲ. ಭಾವ ಕಾಗದ ತೆಗೆದು ಮತ್ತೆ ಭಾಗಿಸುತ್ತಿದ್ದರು.

ಶುಕ್ರವಾರ, 8. ಮಧ್ಯಾಹ್ನ 2

ಅಲ್ಲಿನ ಸಂಜೆ ಐದಕ್ಕೆ ಅಕ್ಕ ಇಳಿದಳು. ಆಪರೇಶನ್ ಮುಗಿದಿದೆ, ಅವನಿನ್ನೂ ಕಣ್ಣು ಬಿಟ್ಟಿಲ್ಲ.

ಎರಡನೇ ಏರ್‌ಪೋರ್ಟಿನಲ್ಲಿ ಏಳು ಗಂಟೆ ಕಾಯುವುದಿತ್ತಲ್ಲ, ಅಲ್ಲಿಂದಲೇ ಅವನಿಗೆ ಫೋನು ಹಚ್ಚಿದ್ದಾಳೆ. ಅವನನ್ನು ಒಳಗೆ ಒಯ್ಯುವವರೆಗೆ ಎರಡು ಗಂಟೆ ಮಾತು. ಮೊದಲರ್ಧ ಗಂಟೆ ಬರೀ ಬೈದಳಂತೆ.

ಭಾವನಿಗೆ ತಿಳಿಸಿದೆ. "ನೋಡಿದೆಯಾ? ಎದುರುಬದುರು ಸಿಕ್ಕಿದ್ರೆ ಇಬ್ರೂ ಅತ್ಕೊಂಡು ಸುಮ್ನಾಗ್ತಿದ್ರು. ನಾನು ದಿನ ಬದಲಾಯಿಸಿದ್ದಕ್ಕೇ ಮಾತು ಬಂತು."

ಫೋನಿಟ್ಟೆ. ಗೋಡೆಗೆ ಹಣೆ ಚಚ್ಚಿಕೊಳ್ಳಲಿಲ್ಲ. ಗೋಡೆಯ ತಪ್ಪೇನಿದೆ?

ಭಾನುವಾರ, 10

ಯಾರಿಗೆ ಏನು ಸಿಕ್ಕಿತು? ಅಕ್ಕನಿಗೆ ತಮ್ಮ. ತಮ್ಮನಿಗೆ ಜೀವ, ಜೊತೆಗೆ ಅಕ್ಕನ ಬೈಗುಳ. ಭಾವನಿಗೆ ತಾವೇ ಸರಿ ಎಂಬ ನೆಮ್ಮದಿ. ಕೌಂಟರಿನಾಕೆಗೆ ನನ್ನಿಂದ ಮಂಗಳಾರತಿ.

ನನಗೆ ಅರ್ಧ ಮಾತು. ಸ್ಟ್ರೆಚರ್ ಬಂದಾಗ ತಮ್ಮ, "ಅಣ್ಣಂಗೆ ಹೇಳು" ಅಂದನಂತೆ. ಏನು ಅಂತ ಅಕ್ಕ ಕೇಳುವಷ್ಟರಲ್ಲಿ ಆಸ್ಪತ್ರೆಯವರು ಅವನ ಫೋನು ಕಸಿದುಕೊಂಡರು. ಇವತ್ತು ಎದ್ದು ಕೂತಿದ್ದಾನಂತೆ. ಅಕ್ಕನನ್ನು ಕೇಳುವುದು ಬೇಡ, ನಾನೇ ಕೇಳುತ್ತೇನೆ. ನಂಬರ್ ಒತ್ತಿದೆ. ರಿಂಗ್ ಆಗುತ್ತಿದೆ... ಎತ್ತಿದ—